ಅಮ್ಮ ತಂದ ಎಳನೀರು: ಡಯಾಲಿಸಿಸ್ ರೋಗಿಯ ಮನೆಯಲ್ಲಿ ಪಥ್ಯ ಹೊಂದಿಸುವುದು ಹೇಗೆ?

ತಮ್ಮನಿಗೆ ಡಯಾಲಿಸಿಸ್ ಶುರುವಾದ ಮೂರನೇ ವಾರ ಅಮ್ಮ ಊರಿನಿಂದ ಬಸ್ಸಿನಲ್ಲಿ ಆರು ಎಳನೀರು ಹೊತ್ತು ತಂದರು. "ಮೈಯೆಲ್ಲ ಉಷ್ಣ ಆಗಿದೆ ಮಗಾ, ದಿನಕ್ಕೊಂದು ಕುಡಿ, ಕಿಡ್ನಿ ತೊಳೆದಂಗಾಗುತ್ತೆ" ಎಂದರು. ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಒಂದನ್ನು ಕುಡಿದೂ ಆಯಿತು. ಮರುದಿನವೇ ಡಯಾಲಿಸಿಸ್ ಇದ್ದದ್ದು ನಮ್ಮ ಪುಣ್ಯ.

ಅಮ್ಮನ ಮಾತು ಅಜ್ಞಾನದ್ದಲ್ಲ. ಊರಲ್ಲಿ ಕಿಡ್ನಿ ತೊಂದರೆ ಎಂದರೆ ಬಹುಪಾಲು ಕಲ್ಲು. ಕಲ್ಲಾದವರಿಗೆ ಹೆಚ್ಚು ನೀರು ಕುಡಿಯಿರಿ ಎಂದು ಡಾಕ್ಟರೂ ಹೇಳುತ್ತಾರೆ. ಬಾಳೆದಿಂಡಿನ ರಸ, ಬಾರ್ಲಿ ನೀರು, ಎಳನೀರು ಎಲ್ಲ ಆ ಲೆಕ್ಕದಲ್ಲೇ ಬಂದವು. ಕಿಡ್ನಿಯೇ ಸೋತಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಕುಡಿದ ನೀರು, ಅದರೊಳಗಿನ ಪೊಟ್ಯಾಸಿಯಂ ಎಂಬ ಖನಿಜ ಎರಡೂ ಹೊರಹೋಗದೆ ಒಳಗೇ ನಿಲ್ಲುತ್ತವೆ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಅಡುಗೆಮನೆಯದ್ದಲ್ಲ. ಅಮ್ಮನನ್ನು ಒಮ್ಮೆ ಡಯಾಲಿಸಿಸ್ ನಡೆಯುವಲ್ಲಿಗೆ ಕರೆದುಕೊಂಡು ಹೋಗಿ. "ಇದು ಕಲ್ಲಲ್ಲ, ಜರಡಿಯೇ ಕಟ್ಟಿಕೊಂಡಿದೆ" ಎಂದು ಡಾಕ್ಟರ ಬಾಯಲ್ಲೇ ಹೇಳಿಸಿ. ನಾವು ಹೇಳಿದರೆ ಅದು ವಾದವಾಗುತ್ತದೆ, ಡಾಕ್ಟರು ಹೇಳಿದರೆ ಪಥ್ಯವಾಗುತ್ತದೆ. ಬಾಣಂತನದ ಪಥ್ಯ ಮಾಡಿಸಿದ ಕೈಗೆ ಪಥ್ಯ ಹೊಸದೇನಲ್ಲ.

ಎರಡನೆಯದು, ರಕ್ತಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡುವುದು. ರಕ್ತದಲ್ಲಿ ಸಾಮಾನ್ಯ ಮಟ್ಟ ಸುಮಾರು 3.5ರಿಂದ 5 mEq/L. ಡಯಾಲಿಸಿಸ್‌ನಲ್ಲಿರುವವರ ಊಟದಲ್ಲಿ ಪೊಟ್ಯಾಸಿಯಂಗೆ ದಿನಕ್ಕೆ 2,000 ಮಿಲಿಗ್ರಾಂ ಆಸುಪಾಸಿನ ಮಿತಿ ಹಾಕುವುದು ರೂಢಿ. ನಿಮ್ಮವರಿಗೆ ಎಷ್ಟೆಂದು ಡಯಟೀಷಿಯನ್ ಹತ್ತಿರ ಕೇಳಿ. 300 ಮಿಲಿಲೀಟರ್ ಎಳನೀರಿನಲ್ಲೇ ಸುಮಾರು 600 ಮಿಲಿಗ್ರಾಂ ಇರುತ್ತದೆ. ನೋಡಲು ಬರುವವರು ಹಣ್ಣು ತರಲೇಬೇಕು ಎಂದರೆ ಬಾಳೆಹಣ್ಣಿನ ಬದಲು ಸೇಬು ಹೇಳಿ. ಧಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಒಂದು ಹೋಳೂ ಬೇಡ. ಅದರಲ್ಲಿರುವ ವಿಷಾಂಶವನ್ನು ಸೋತ ಕಿಡ್ನಿ ಹೊರಹಾಕಲಾರದು, ಅದು ಮಿದುಳಿಗೆ ಏರುತ್ತದೆ. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನೂ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ.

ಇನ್ನು ಅಡುಗೆ. ಇಲ್ಲಿ ನಮ್ಮ ಬಸ್ಸಾರೇ ದಾರಿ ತೋರಿಸುತ್ತದೆ. ಸೊಪ್ಪು, ತರಕಾರಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ದೊಡ್ಡ ಪಾಲು ಬಸಿದ ನೀರಿಗೆ ಇಳಿಯುತ್ತದೆ. ಆ ನೀರಿನ ಸಾರು ಮನೆಯ ಉಳಿದವರಿಗೆ, ಹಿಂಡಿ ಒಗ್ಗರಣೆ ಹಾಕಿದ ಪಲ್ಯ ರೋಗಿಗೆ. ಆಲೂಗಡ್ಡೆಯಂಥವನ್ನು ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಹೋಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರಿಟ್ಟು ಕುದಿಸಿ, ನೀರು ಚೆಲ್ಲಿ. ಬರೀ ನೆನೆಸಿಟ್ಟರೆ ಸಾಲದು, ಕುದಿಯಬೇಕು. ಕುಕ್ಕರಿನಲ್ಲಿ ಅರ್ಧ ಲೋಟ ನೀರಿಗೆ ವಿಷಲ್ ಕೂಗಿಸಿದರೆ ಪೊಟ್ಯಾಸಿಯಂ ಅಲ್ಲೇ ಉಳಿಯುತ್ತದೆ. ಬಸಿದರೂ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಬಡಿಸುವಾಗ ಕೈ ಸ್ವಲ್ಪ ಬಿಗಿಯಿರಲಿ. ಇದನ್ನು ಹೇಳಿದ ದಿನ ಅಮ್ಮನ ಮುಖ ಅರಳಿತು. ಮಗನಿಗೆ ಕೊಡಬಾರದ್ದರ ಪಟ್ಟಿ ಕೇಳಿ ಕೇಳಿ ಸೋತಿದ್ದವರಿಗೆ, ಮಾಡಿ ಹಾಕಲು ಒಂದು ಅಡುಗೆ ಸಿಕ್ಕಿತ್ತು.

ನೀರಿನ ಅಳತೆ: ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್, ಇದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಾಫಿ, ಗಂಜಿ, ಮಜ್ಜಿಗೆ, ಸಾರು ಎಲ್ಲ ಇದರಲ್ಲೇ ಬರಬೇಕು. ಬೆಳಿಗ್ಗೆ ಅಷ್ಟು ನೀರನ್ನು ಬಾಟಲಿಗೆ ತುಂಬಿಡಿ. ಕಾಫಿ ಕುಡಿದರೆ ಅಷ್ಟನ್ನು ಬಾಟಲಿಯಿಂದ ಚೆಲ್ಲಿ. ಉಪ್ಪಿನಕಾಯಿ, ಹಪ್ಪಳ ತಿಂದರೆ ಬಾಯಾರಿಕೆ ತಡೆಯಲಾಗದು, ಅವು ಕಣ್ಣಿಗೇ ಬೀಳದಿರಲಿ.

ಭಾನುವಾರದ ಮೇಲೆ ವಿಶೇಷ ಗಮನವಿಡಿ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಇರುವವರು ಸೋಮ-ಬುಧ-ಶುಕ್ರ ಹೋದರೂ ಮಂಗಳ-ಗುರು-ಶನಿ ಹೋದರೂ ಎರಡು ದಿನದ ಉದ್ದ ಬಿಡುವಿನಲ್ಲಿ ಭಾನುವಾರ ಬಂದೇ ಬರುತ್ತದೆ. ನೆಂಟರು ಬರುವುದು, ಹಬ್ಬದಂಥ ಊಟವಾಗುವುದೂ ಅಂದೇ. ಕೈಕಾಲು ಸೋತು ಹೋದರೆ, ಎದೆಬಡಿತ ಏರುಪೇರಾದರೆ, ಉಸಿರು ಕಟ್ಟಿದರೆ ಮುಂದಿನ ಪಾಳಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು, ಎಷ್ಟೋ ಸಲ ಮುನ್ಸೂಚನೆಯೂ ಇರುವುದಿಲ್ಲ.

ಕೊನೆಗೆ ಮೊಟ್ಟೆಯ ಜಗಳ. ಡಯಾಲಿಸಿಸ್‌ಗೆ ಮೊದಲು "ಪ್ರೋಟೀನ್ ಕಡಿಮೆ ಮಾಡಿ" ಅಂದಿದ್ದರು. ಅಮ್ಮ ಅದನ್ನೇ ಹಿಡಿದುಕೊಂಡು ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಿದ್ದರು. ಆದರೆ ಡಯಾಲಿಸಿಸ್ ಶುರುವಾದ ಮೇಲೆ ಯಂತ್ರದಲ್ಲಿ ಪ್ರೋಟೀನಿನ ಅಂಶವೂ ಹೋಗುತ್ತದೆ. ಆಗ ದಿನಕ್ಕೆ ಬೇಕಾಗುವ ಪ್ರೋಟೀನ್ ದೇಹದ ತೂಕದ ಕಿಲೋಗೆ 1ರಿಂದ 1.2 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಮೂರೂವರೆ ಗ್ರಾಂ ಸಿಗುತ್ತದೆ. ಅಮ್ಮನಿಗೆ ಇದು ಅರ್ಥವಾಗಲು ಎರಡು ತಿಂಗಳು ಹಿಡಿಯಿತು.

ಈಗ ಊರಿಂದ ಬರುವಾಗ ಅವರ ಚೀಲದಲ್ಲಿ ಎಳನೀರಿರುವುದಿಲ್ಲ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ನಾಟಿಕೋಳಿ ಮೊಟ್ಟೆಗಳಿರುತ್ತವೆ, ಬಸ್ಸಿನ ಕುಲುಕಾಟಕ್ಕೆ ಒಂದೂ ಒಡೆಯದ ಹಾಗೆ.