ಐದೆಳೆ ಸರ ಮತ್ತು ನೀರಿನ ಕೊಡ

ನಮ್ಮ ಬಳ್ಳಾರಿಯ ಓಣಿಯ ಮಹಿಳಾ ಸಂಘದವರು ಕರಕುಶಲ ಸ್ಪರ್ಧೆ ಇಟ್ಟರು. ಐದೆಳೆ ಮಣಿಸರ ಮಾಡ್ತೀನಿ ಅಂತ ಹೆಸರು ಬರೆಸಿಬಿಟ್ಟೆ. ಅಲ್ಲಿವರೆಗೆ ನಾನು ಪೋಣಿಸಿದ್ದು ಹರಿದ ಕರಿಮಣಿ ಮಾತ್ರ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಸಂಡೂರಿನ ಲಂಬಾಣಿ ಕಸೂತಿಯ ಚೀಲವೊಂದಿದೆ. ಆ ಊರಿನದೇ ವಿಶೇಷ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಅದೇ ಕಸೂತಿ. ಅದರಲ್ಲಿದ್ದ ಕೆಂಪು, ನೀಲಿ, ಹಳದಿ, ಹಸಿರು ಜೊತೆಗೆ ನನ್ನಿಷ್ಟದ ಗುಲಾಬಿಯನ್ನೂ ಸೇರಿಸಿ 11ನೇ ನಂಬರಿನ ಗಾಜಿನ ಮಣಿ ತಂದೆ. ಸಾಸಿವೆ ಕಾಳಿನಷ್ಟು ಇರುತ್ತವೆ. ನಂಬರ್ ದೊಡ್ಡದಾದಷ್ಟೂ ಮಣಿ ಸಣ್ಣದು.

ಒದ್ದೆ ಬಿಳಿ ಬಟ್ಟೆಯಲ್ಲಿ ಒಂದಿಷ್ಟು ಮಣಿ ಕಟ್ಟಿ ಉಜ್ಜಿದೆ. ಗುಲಾಬಿ ಬಣ್ಣ ಬಟ್ಟೆಗೆ ಬಂತು! ಬಳ್ಳಾರಿ ಬಿಸಿಲಿಗೆ ಕುತ್ತಿಗೆ ಬೆವರದೆ ಇರುತ್ತಾ? ಗುಲಾಬಿ ಅಲ್ಲಿಗೇ ಬಿಟ್ಟೆ.

ಹೊಲಿಗೆ ದಾರದಲ್ಲಿ ಪೋಣಿಸಿದ್ದು ನನ್ನ ದೊಡ್ಡ ತಪ್ಪು. ಗಾಜಿನ ಮಣಿಯ ತೂತಿನ ಅಂಚು ಚೂಪು, ದಾರವನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತೆ. ಮೂರನೇ ಎಳೆ ಮುಗಿಸಿ ಎತ್ತಿ ಹಿಡಿದೆ, ಪಟ್ ಅಂತ ಹರೀತು. ಮಣಿ ಮಂಚದ ಕೆಳಗೆ, ಕಪಾಟಿನ ಸಂದಿಗೆ, ಎಲ್ಲೆಲ್ಲೋ. ಗುಡಿಸಿ, ಹಿಟ್ಟಿನ ಜರಡಿಗೆ ಹಾಕಿ ಜಾಲಾಡಿದೆ. ಧೂಳು ಕೆಳಗೆ ಬಿತ್ತು, ಮಣಿ ಮೇಲೆ ಉಳಿದವು. ಜರಡಿ ನೋಡಿ ಅತ್ತೆ ಏನಂದರು ಅಂತ ಇಲ್ಲಿ ಬರೆಯೋದಿಲ್ಲ.

ಮರುದಿನ ಗೇರ್ ವೈರ್ ತಂದೆ. ಸಣ್ಣ ಉಕ್ಕಿನ ತಂತಿಗೆ ಪ್ಲಾಸ್ಟಿಕ್ ಲೇಪನ ಇರುತ್ತೆ, ಸೂಜಿಯೂ ಬೇಡ. ಐದೂ ಎಳೆಯನ್ನು 18 ಇಂಚಿಗೇ ಮಾಡಿ ಹಾಕಿಕೊಂಡೆ. ಎಲ್ಲ ಒಂದರ ಮೇಲೊಂದು ಬಿದ್ದು ಮುದ್ದೆಯಾದವು.

"ಏನಮ್ಮಾ ಇದು, ಸರಾನೋ ಹಗ್ಗಾನೋ?" ಅಂದರು ಅತ್ತೆ.

ಮತ್ತೆ ಬಿಚ್ಚಿದೆ. ಈ ಸಲ ಸ್ಟೀಲ್ ಕೊಡವನ್ನು ಎದುರಿಗೆ ಇಟ್ಟುಕೊಂಡೆ. ಅದಕ್ಕೂ ಕುತ್ತಿಗೆ ಇದೆ, ಕೆಳಗೆ ಹೆಗಲಿನಂಥ ಇಳಿಜಾರೂ ಇದೆ ಅಲ್ವಾ! ಮೇಲಿನ ಎಳೆ 16 ಇಂಚು, ಮುಂದಿನದು ಹದಿನಾರೂವರೆ, ಹೀಗೆ ಅರ್ಧರ್ಧ ಇಂಚು ಹೆಚ್ಚಿಸುತ್ತಾ 18ಕ್ಕೆ ನಿಲ್ಲಿಸಿದೆ. ಒಟ್ಟು 85 ಇಂಚು. ಇಂಚಿಗೆ ಸುಮಾರು 18 ಮಣಿ ಅಂದ್ರೂ ಸಾವಿರದ ಐನೂರು ದಾಟುತ್ತೆ. ಪ್ರತಿ ತುದಿಗೂ 2 ಇಂಚು ವೈರ್ ಜಾಸ್ತಿ ಬಿಟ್ಟು, ಕ್ರಿಂಪ್ ಗುಂಡು (ಒತ್ತಿದರೆ ಚಪ್ಪಟೆಯಾಗಿ ವೈರ್ ಹಿಡಿದುಕೊಳ್ಳುವ ಸಣ್ಣ ಲೋಹದ ಗುಂಡು) ಹಾಕಿ, ವೈರ್ ಅನ್ನು ಸರದ ಕೊಂಡಿಯ ಸಣ್ಣ ಬಳೆಯಲ್ಲಿ ತೂರಿಸಿ ವಾಪಸ್ ಆ ಗುಂಡಿನೊಳಗೇ ತಂದು ಇಕ್ಕಳದಲ್ಲಿ ಒತ್ತಿದೆ. ಎಳೆಯನ್ನು ಪೂರ್ತಿ ಬಿಗಿ ಮಾಡಬಾರದು. ಒಂದು ಮಣಿಯಷ್ಟು ಸಡಿಲ ಇರಬೇಕು, ಇಲ್ಲಾಂದ್ರೆ ಸರ ಬಾಗದೆ ಸೆಟೆದು ನಿಲ್ಲುತ್ತೆ.

ಎಳೆಗಳು ಚೆನ್ನಾಗಿ ಕೂತವು, ಆದರೆ ಬಣ್ಣ ಕಣ್ಣಿಗೆ ಚುಚ್ಚುತ್ತಿತ್ತು. ಚೀಲವನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ಬಣ್ಣಗಳು ನೇರ ಮೈ ತಾಗಿಸಿ ಕೂತಿಲ್ಲ, ನಡುವೆ ಬಿಳಿ ಹೊಲಿಗೆ ಇದೆ. ನಾನೂ ಎರಡನೇ ಮತ್ತು ನಾಲ್ಕನೇ ಎಳೆ ಬಿಚ್ಚಿ ಬರೀ ಬಿಳಿ ಪೋಣಿಸಿದೆ. ಕೆಂಪು ಆಗ ಕೆಂಪಾಗಿ ಕಂಡಿತು. ಹಸಿರಿಗೆ ಜಾಗ ಇರಲಿಲ್ಲ, ಡಬ್ಬಿಗೆ ಹೋಯಿತು.

ನನಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಕಾಲೇಜು ಹುಡುಗಿಯೊಬ್ಬಳ ಮೂರೆಳೆ ಸರಕ್ಕೆ. ಹತ್ತಿರ ಹೋಗಿ ನೋಡಿದೆ. ಎರಡೇ ಬಣ್ಣ, ಕೆಂಪು ಮತ್ತು ಬಿಳಿ.