ಚಾಂಪಿಯನ್‌ಗಳನ್ನು ಹೋಲಿಸುವಾಗ ಮೊದಲು ನೆಲ ನೋಡಿ

ತುಮಕೂರಿನ ಎಸ್.ಎಸ್. ಪುರಂನಲ್ಲಿ ಲೆಕ್ಕದ ಟ್ಯೂಷನ್ ಮಾಡುವವನು ನಾನು. ಶೇಕಡಾ ಲೆಕ್ಕ ಬಂದಾಗ ಹುಡುಗರ ಕೈಲಿ ಮಾಡಿಸುವುದು ಟೆನಿಸ್ ಆಟಗಾರರ ಲೆಕ್ಕವನ್ನೇ. ಸುಮ್ನೆ ಕಪ್ ಎಣಿಸಿದರೆ ಯಾರು ದೊಡ್ಡವರು ಅಂತ ಗೊತ್ತಾಗಲ್ಲ. ತನಗೆ ಒಗ್ಗದ ಕೋರ್ಟಿನ ನೆಲದಲ್ಲಿ ಆಟಗಾರ ಎಷ್ಟು ಗೆದ್ದ ಅನ್ನೋದನ್ನೂ ನೋಡಬೇಕು.

ಮೊದಲು ಒಂದು ಚೆಂಡು ಹಿಡಿದು ಮನೆಯ ತಾರಸಿ ಮೇಲೆ ಪುಟಿಸಿ. ಆಮೇಲೆ ಯಾವುದಾದರೂ ಕೆಂಪು ಮಣ್ಣಿನ ಬಯಲಿಗೆ ಹೋಗಿ ಓರೆಯಾಗಿ ಜೋರಾಗಿ ಹೊಡೆಯಿರಿ. ಚೆಂಡು ಬಿದ್ದ ಕಡೆ ಉದ್ದನೆ ಗುರುತು ಉಳಿಯುತ್ತದೆ, ಚೆಂಡಿನ ರೋಮಕ್ಕೆ ದೂಳು ಮೆತ್ತಿಕೊಳ್ಳುತ್ತದೆ. ಆ ಉಜ್ಜಾಟದಲ್ಲೇ ವೇಗ ಸೋರಿಹೋಗುವುದು. ಪ್ಯಾರಿಸ್‌ನ ಫ್ರೆಂಚ್ ಓಪನ್ ಕೋರ್ಟಿನ ಮೇಲ್ಪದರ ಇಟ್ಟಿಗೆ ಪುಡಿ. ಅಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಏಳುತ್ತದೆ. ವಿಂಬಲ್ಡನ್ ಹುಲ್ಲಿನಲ್ಲಿ ತಗ್ಗಿನಲ್ಲೇ ಜಾರಿಕೊಂಡು ಬರುತ್ತದೆ.

ಈಗ ಉದ್ದನೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಮಣ್ಣು, ಹುಲ್ಲು, ಹಾರ್ಡ್ ಕೋರ್ಟ್ (ಸಿಮೆಂಟಿನಂಥ ಗಟ್ಟಿ ನೆಲ). ಕಪ್ ಬದಲು ಗೆದ್ದ ಪಂದ್ಯ, ಸೋತ ಪಂದ್ಯ ಬರೆಯಿರಿ. ಫ್ರೆಂಚ್ ಓಪನ್‌ನಲ್ಲಿ ನಡಾಲ್ 112 ಗೆದ್ದು 4 ಸೋತರು. 112ನ್ನು 116ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಸುಮಾರು 97. ವಿಂಬಲ್ಡನ್‌ನಲ್ಲಿ 58 ಗೆಲುವು, 12 ಸೋಲು, ಅಂದರೆ 83. ಅಂತರ 14. ಈ ಅಂತರ ಕಡಿಮೆ ಇದ್ದಷ್ಟೂ ಆಟಗಾರ ಎರಡೂ ನೆಲಕ್ಕೆ ಒಗ್ಗಿದ್ದಾನೆ ಅಂತ ಅರ್ಥ. ಫೆಡರರ್ ವಿಂಬಲ್ಡನ್‌ನಲ್ಲಿ 105-14, ಪ್ಯಾರಿಸ್‌ನಲ್ಲಿ 73-17. ಅಂದರೆ 88 ಮತ್ತು 81, ಅಂತರ ಬರೀ 7. ಸ್ಯಾಂಪ್ರಾಸ್ ಹುಲ್ಲಿನಲ್ಲಿ 63-7, ಸರಿಯಾಗಿ 90. ಪ್ಯಾರಿಸ್‌ನಲ್ಲಿ 24-13, 65ಕ್ಕೆ ಇಳಿದುಬಿಡುತ್ತದೆ! 14 ಗ್ರ್ಯಾಂಡ್‌ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಎಂಬ ನಾಲ್ಕು ದೊಡ್ಡ ಟೂರ್ನಿಗಳ ಕಪ್) ಗೆದ್ದವರು ಪ್ಯಾರಿಸ್‌ನಲ್ಲಿ ಒಮ್ಮೆಯೂ ಫೈನಲ್ ತಲುಪಲಿಲ್ಲ.

ನನಗೆ ತುಂಬಾ ಇಷ್ಟವಾದ ಹಾಳೆ ಬೋರ್ಗ್ ಅವರದು. ಪ್ಯಾರಿಸ್‌ನಲ್ಲಿ 49-2, ವಿಂಬಲ್ಡನ್‌ನಲ್ಲಿ 51-4. ಎರಡೂ ಕಡೆ 90ರ ಮೇಲೆ! ಆದರೆ ಮೂರನೇ ಕಾಲಂ ಬಿಡಬೇಡಿ. ಯುಎಸ್ ಓಪನ್ ಫೈನಲ್‌ನಲ್ಲಿ ನಾಲ್ಕು ಸಲ ಸೋತರು, ಒಂದು ಸಲವೂ ಗೆಲ್ಲಲಿಲ್ಲ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಆ ನಾಲ್ಕರಲ್ಲಿ 1976ರದ್ದು ಹಾರ್ಡ್ ಕೋರ್ಟ್ ಅಲ್ಲ, ಮಣ್ಣು. ಯುಎಸ್ ಓಪನ್ 1974ರ ತನಕ ಹುಲ್ಲಿನ ಮೇಲೆ, 1975ರಿಂದ 77ರ ತನಕ ಮಣ್ಣಿನ ಮೇಲೆ ನಡೆಯಿತು. ಹಾರ್ಡ್ ಕೋರ್ಟ್ ಬಂದದ್ದು 1978ಕ್ಕೆ. ಕಾನರ್ಸ್ 1974, 76, 78ರಲ್ಲಿ ಈ ಮೂರೂ ನೆಲದ ಮೇಲೆ ಅದೇ ಕಪ್ ಎತ್ತಿದರು. ಆಸ್ಟ್ರೇಲಿಯನ್ ಓಪನ್ ಕೂಡ 1987ರ ತನಕ ಹುಲ್ಲೇ. ಹಾಗಾಗಿ ಟೂರ್ನಿ ಹೆಸರು ನೋಡಿ ಕಾಲಂ ತುಂಬಬೇಡಿ, ವರ್ಷ ನೋಡಿ ತುಂಬಿ.

ಇನ್ನೊಂದು ಮಾತು. ಈಗ ನಾಲ್ಕರಲ್ಲಿ ಎರಡು ಗ್ರ್ಯಾಂಡ್‌ಸ್ಲಾಮ್ ಹಾರ್ಡ್ ಕೋರ್ಟಿನವು. ಆ ಕಾಲಂನಲ್ಲಿ ಕಪ್ ಜಾಸ್ತಿ ಕಾಣೋದು ಸಹಜ, ಅಲ್ವಾ? ಕಪ್ ಎಣಿಸಲೇಬೇಕು ಅಂದರೆ ಅದನ್ನು ಅರ್ಧ ಮಾಡಿ ನೋಡಿ. ಸ್ಟೆಫಿ ಗ್ರಾಫ್ ಹಾಳೆಯಲ್ಲಿ ಮಣ್ಣು 6, ಹುಲ್ಲು 7, ಹಾರ್ಡ್ 9. ಅರ್ಧ ಮಾಡಿದರೂ ನಾಲ್ಕೂವರೆ! ಯಾವ ಕಾಲಂ ಕೂಡ ಬಡವಾಗಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಹೆಸರು ಅವರದೇ.