ಹಾಜರಿ ಬೋನಸ್ ನಿಲ್ಲಿಸಿದ ಮೇಲೆ ಹಾಜರಿ ಏರಿತು

ತಿಂಗಳಿಡೀ ಒಂದು ದಿನವೂ ತಪ್ಪದೆ ಬಂದವರಿಗೆ ಕೊಡುವ ಹಾಜರಿ ಬೋನಸ್ ತೆಗೆದುಹಾಕುತ್ತೇನೆ ಎಂದಾಗ ನಮ್ಮ ಲೆಕ್ಕಿಗರು ಹಣೆ ಚಚ್ಚಿಕೊಂಡರು. ಇದೇ ಕಸುಬಿನ ಗೆಳೆಯರು, ‘ಆರು ತಿಂಗಳಲ್ಲಿ ಬೀಗ ಹಾಕುತ್ತೀರಿ’ ಎಂದರು. ನನ್ನ ಹೊಲಿಗೆ ಘಟಕ ನಡೆಯುತ್ತಲೇ ಇದೆ. ಹಾಗೆಂದವರಲ್ಲಿ ಇಬ್ಬರು ನನ್ನ ಪಾಳಿ ಪಟ್ಟಿಯನ್ನು ನಕಲು ಮಾಡಿಕೊಂಡು ಹೋಗಿದ್ದಾರೆ.

ಮೊದಮೊದಲು ನಾನೂ ದುಡ್ಡನ್ನೇ ಸುರಿದೆ. ಪೀಸ್ ರೇಟ್, ಅಂದರೆ ಹೊಲಿದ ಒಂದೊಂದು ಪೀಸಿಗೆ ಕೊಡುವ ಕೂಲಿ, ಏರಿಸಿದೆ. ವೇಗ ಹೆಚ್ಚಿತು, ರಿಜೆಕ್ಟ್ ಅದಕ್ಕಿಂತ ಹೆಚ್ಚಿತು. ಬಿಚ್ಚಿ ಮತ್ತೆ ಹೊಲಿಸಿದ ಖರ್ಚು ಆ ವರ್ಷದ ಲಾಭದ ಮೂರನೇ ಒಂದು ಪಾಲನ್ನಾದರೂ ನುಂಗಿರಬೇಕು. ಬೋನಸ್ಸಿನ ಕಥೆ ಇನ್ನೂ ವಿಚಿತ್ರ. ತಿಂಗಳ ಮೊದಲ ವಾರದಲ್ಲೇ ಮಗುವಿಗೆ ಜ್ವರ ಬಂದು ಒಂದು ದಿನ ತಪ್ಪಿತೆಂದರೆ ಬೋನಸ್ ಹೋಯಿತು. ಇನ್ನು ಉಳಿದ ದಿನ ಒದ್ದಾಡಿಕೊಂಡು ಯಾಕೆ ಬರಬೇಕು?

ಸೇರುವ ದಿನ ‘ಕೆಲಸ ಯಾಕೆ ಬೇಕು’ ಎಂದರೆ ನಮ್ಮಲ್ಲಿ ಹೊಲಿಯುವ ಹೆಂಗಸರು ಮಕ್ಕಳ ಫೀಸು, ಸಾಲ, ಗಂಡನ ಕೆಲಸ ಹೋಗಿದ್ದು ಎನ್ನುತ್ತಾರೆ. ಸುಳ್ಳಲ್ಲ. ಆದರೆ ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಕೇಳಿ ನೋಡಿ. ‘ಖರ್ಚಿಗೆ ಯಾರ ಮುಂದೆಯೂ ಕೈಚಾಚಬೇಕಿಲ್ಲ’ ಎಂದವರೇ ಹೆಚ್ಚು. ಒಬ್ಬಾಕೆ, ‘ಈ ಲೈನಿನಲ್ಲಿ ಕಾಲರ್ ಕೂರಿಸಲು ನನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತದೆ?’ ಎಂದು ನನ್ನನ್ನೇ ಕೇಳಿದಳು. ಕರೆತಂದ ಕಾರಣ ಬೇರೆ, ಉಳಿಸಿಕೊಂಡ ಕಾರಣ ಬೇರೆ. ನಾವು ಮಾತ್ರ ಮೊದಲನೆಯದಕ್ಕೇ ಹಣ ಹಾಕುತ್ತಿರುತ್ತೇವೆ.

ಬೋನಸ್ಸಿನ ಮೊತ್ತವನ್ನು ಮೂಲ ಸಂಬಳಕ್ಕೆ ಸೇರಿಸಿದೆ. ಸಂಬಳ ಪ್ರತಿಯೊಬ್ಬಳ ಹೆಸರಿನ ಖಾತೆಗೇ. ಮನೆಯವರು ಬಂದು ಕೇಳಿದರೆ ಎಷ್ಟೆಂದೂ ಹೇಳುವುದಿಲ್ಲ. ಓವರ್‌ಟೈಮ್ ಇದ್ದರೆ ಮಧ್ಯಾಹ್ನದೊಳಗೆ ತಿಳಿಸಬೇಕು, ಬೇಡವೆನ್ನುವ ಹಕ್ಕು ಆಕೆಗಿದೆ. ಹೊತ್ತುಗೊತ್ತಿಲ್ಲದೆ ದುಡಿಯುವವರಿಗೇ ಹೆಚ್ಚು ಹಣ ಸಿಗುವ ಕಡೆ ಹೆಂಗಸರು ಹಿಂದೆ ಬೀಳುತ್ತಾರೆಂದು 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ದೊಡ್ಡ ದೊಡ್ಡ ಹುದ್ದೆಗಳ ಲೆಕ್ಕ ಹಿಡಿದು ತೋರಿಸಿದ್ದಾರೆ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನಿನ ಮುಂದೆಯೂ ಅದೇ ಕಥೆ.

ನಿಜವಾದ ಫಲ ಕೊಟ್ಟಿದ್ದು ಜೋಡಿ ಪದ್ಧತಿ. ಇಬ್ಬರು ಪರಸ್ಪರರ ಕೆಲಸ ಕಲಿತಿರುತ್ತಾರೆ. ಒಬ್ಬಳಿಗೆ ರಜೆ ಬೇಕಾದರೆ ಇನ್ನೊಬ್ಬಳನ್ನು ಒಪ್ಪಿಸಿದರಾಯಿತು, ಮೇಲ್ವಿಚಾರಕಿಯ ಅಪ್ಪಣೆ ಬೇಡ. ಕಲಿಸುವ ಮೂರು ನಾಲ್ಕು ತಿಂಗಳು ಉತ್ಪಾದನೆ ಹತ್ತರಲ್ಲಿ ಒಂದು ಪಾಲು ಇಳಿಯಿತು, ಕೈಗಡ ಮಾಡಿ ಸಂಬಳ ಕೊಟ್ಟೆ. ಆಮೇಲೆ ಗೈರುಹಾಜರಿ ನೂರಕ್ಕೆ ಇಪ್ಪತ್ತರ ಆಸುಪಾಸಿನಿಂದ ಏಳೆಂಟಕ್ಕೆ ಬಂದು ನಿಂತಿತು. ಜೋಡಿಗಳನ್ನು ಹೇಗೆ ಆರಿಸುತ್ತೇನೆಂಬುದನ್ನು ಮಾತ್ರ ಬರೆಯಲಾರೆ. ಜೀವದ ಗೆಳತಿಯರನ್ನು ಜೋಡಿ ಮಾಡಬೇಡಿ, ಅಷ್ಟು ಸುಳಿವು ಸಾಕು.

ನಡುವೆ ಮಕ್ಕಳ ಕೋಣೆಯೊಂದನ್ನೂ ಮಾಡಿಸಿದೆ. ಹದಿನೈದು ಮಕ್ಕಳಿಗೆಂದು ಮಾಡಿಸಿದ್ದು, ಬರುವುದು ನಾಲ್ಕೈದು. ಲೆಕ್ಕಿಗರು ಈಗಲೂ ಗೊಣಗುತ್ತಾರೆ. ಆ ತಾಯಂದಿರಲ್ಲಿ ಇಬ್ಬರು ಸ್ಯಾಂಪಲ್, ಅಂದರೆ ಖರೀದಿದಾರರಿಗೆ ತೋರಿಸುವ ಮಾದರಿ ಬಟ್ಟೆ, ಹೊಲಿಯುವವರು. ಅವರು ಬಿಟ್ಟುಹೋದರೆ ಆಗುವ ನಷ್ಟದ ಮುಂದೆ ಆಯಾಳ ಸಂಬಳ ಏನೂ ಅಲ್ಲ. ಸದ್ಯ ಅರ್ಧ ದಿನದ ಪಾಳಿಯೊಂದನ್ನು ನಡೆಸಿ ನೋಡುತ್ತಿದ್ದೇನೆ, ಅದರಲ್ಲಿ ಇನ್ನೂ ಕೈಯಿಂದಲೇ ಹಾಕುತ್ತಿದ್ದೇನೆ.